ವೀಸಾ ಬಂತು, ಕೆಲಸ ಎಲ್ಲಿ? ವಿದೇಶದಲ್ಲಿ ಕಲಿತ ಮಕ್ಕಳ ಮುಂದಿನ ದಾರಿ

ಗಲ್ಫ್‌ಗೆ ಹೋದ ನಮ್ಮ ಹಿರಿಯರಿಗೆ ಕೆಲಸ ಮೊದಲು, ವೀಸಾ ಆಮೇಲೆ. ಅಂಗಡಿಯೋ, ಕಂಪೆನಿಯೋ, ಅರಬಿ ಮನೆಯ ಡ್ರೈವರ್ ಕೆಲಸವೋ, ಏನೋ ಒಂದು ಅಲ್ಲಿ ಕಾದಿರುತ್ತಿತ್ತು. ಆ ಕೆಲಸದ ಮೇಲೆಯೇ ವೀಸಾ ಬರುತ್ತಿತ್ತು. ‘ಫ್ರೀ ವೀಸಾ’ದಲ್ಲಿ ಹೋಗಿ ಬೀದಿ ಬೀದಿ ಅಲೆದು ಕಷ್ಟಪಟ್ಟವರೂ ಇದ್ದಾರೆ, ಅದು ಸುಳ್ಳಲ್ಲ. ಆದರೆ ಸಾಮಾನ್ಯ ಕ್ರಮ ಇದೇ ಆಗಿತ್ತು. ಆದ್ದರಿಂದ ‘ವೀಸಾ ಬಂತು’ ಎಂದರೆ ನಮ್ಮ ಮನೆಗಳಲ್ಲಿ ‘ದಾರಿ ಆಯಿತು’ ಎಂದೇ ಅರ್ಥ.

ಈಗ ಮಂಗಳೂರು, ಉಳ್ಳಾಲ, ಬಂಟ್ವಾಳ, ಪುತ್ತೂರು, ಉಡುಪಿ ಕಡೆಯ ನಮ್ಮ ಮಕ್ಕಳು ಹಿಡಿಯುತ್ತಿರುವ ದಾರಿ ಬೇರೆ. ಬಿ.ಕಾಂ., ಬಿಬಿಎ, ಇಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರು ಬ್ರಿಟನ್, ಕೆನಡಾ, ಜರ್ಮನಿ, ಐರ್ಲೆಂಡ್, ಆಸ್ಟ್ರೇಲಿಯಾಕ್ಕೆ ಕಲಿಯಲು ಹೋಗುತ್ತಿದ್ದಾರೆ. ಇಲ್ಲಿ ಕ್ರಮ ತಲೆಕೆಳಗು. ಮೊದಲು ನಮ್ಮ ಹಣ ಹೋಗುತ್ತದೆ. ಆಮೇಲೆ ವೀಸಾ ಬರುತ್ತದೆ. ಕೆಲಸ ಬರುವುದಿದ್ದರೆ ಎಲ್ಲಕ್ಕಿಂತ ಕೊನೆಗೆ. ಆದರೆ ಲೆಕ್ಕ ಹಾಕುವ ನಮ್ಮ ರೂಢಿ ಮಾತ್ರ ಇನ್ನೂ ಗಲ್ಫ್ ಕಾಲದ್ದೇ. ವಿದ್ಯಾರ್ಥಿ ವೀಸಾ ಕೈಗೆ ಬಂದ ಕೂಡಲೇ ಅರ್ಧ ಗೆದ್ದೆವು ಎಂದುಕೊಳ್ಳುತ್ತೇವೆ. ನಿಜವಾಗಿ ಆಗ ಶುರುವಾದದ್ದು ಖರ್ಚು ಮಾತ್ರ.

ಮಕ್ಕಳು ಕಲಿಯಲು ಹೊರಗೆ ಹೋಗಬಾರದು ಎಂದು ನಾವು ಹೇಳುತ್ತಿಲ್ಲ. ಹೋಗಲಿ, ಹೆಣ್ಣುಮಕ್ಕಳೂ ಹೋಗಲಿ. ಕಲಿಕೆ ಮುಗಿದ ಮರುದಿನ ಏನು ಎಂಬ ಪ್ರಶ್ನೆಯನ್ನು ಹೊರಡುವ ಮೊದಲೇ ಕೇಳಬೇಕು, ಇಷ್ಟೇ ನಮ್ಮ ಮಾತು.

ನಾಲ್ಕು ಮೆಟ್ಟಿಲು

ಕಲಿಯಲು ಹೋಗಿ ಅಲ್ಲೇ ನೆಲೆ ನಿಲ್ಲುವ ದಾರಿಯಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಒಂದು, ವಿದ್ಯಾರ್ಥಿ ವೀಸಾ. ಎರಡು, ಪದವಿ ಸಿಕ್ಕಿದ ಮೇಲೆ ಕೆಲಸ ಹುಡುಕಲು ಕೊಡುವ ತಾತ್ಕಾಲಿಕ ವಾಸದ ಅವಧಿ. ಮೂರು, ಒಂದು ಕೆಲಸದ ಆಧಾರದಲ್ಲಿ ಸಿಗುವ ಉದ್ಯೋಗ ವೀಸಾ. ನಾಲ್ಕು, ಖಾಯಂ ವಾಸದ ಹಕ್ಕು, ಅಂದರೆ ಪಿಆರ್. ಪ್ರತಿ ಮೆಟ್ಟಿಲಿಗೂ ಬೇರೆ ಅರ್ಜಿ, ಬೇರೆ ಶರತ್ತು ಉಂಟು. ಮೊದಲನೆಯದು ಸಿಕ್ಕಿತು ಎಂಬ ಕಾರಣಕ್ಕೆ ಮೂರನೆಯದು ಸಿಗುವುದಿಲ್ಲ.

ಹೆಚ್ಚಿನ ಏಜೆನ್ಸಿಗಳ ಕೆಲಸ ಮೊದಲ ಮೆಟ್ಟಿಲಲ್ಲೇ ಮುಗಿಯುತ್ತದೆ. ನಮ್ಮ ಹುಡುಗ ಅಲ್ಲಿ ಸೇರಿದಾಗ ಅವರಿಗೆ ಆ ವಿಶ್ವವಿದ್ಯಾಲಯದಿಂದ ಕಮಿಷನ್ ಸಿಗುತ್ತದೆ. ಅವನಿಗೆ ಕೆಲಸ ಸಿಕ್ಕಿದಾಗ ಅಲ್ಲ. ಇದರಲ್ಲಿ ಗುಟ್ಟೇನೂ ಇಲ್ಲ, ಅದು ಅವರ ವ್ಯಾಪಾರ. ಆದರೆ ಈ ಒಂದು ವಿಷಯ ನೆನಪಿದ್ದರೆ, ‘ಒಮ್ಮೆ ಹೋಗಲಿ, ಅಲ್ಲಿ ಎಲ್ಲ ಸರಿಯಾಗ್ತದೆ’ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂದು ಗೊತ್ತಾಗುತ್ತದೆ.

ಬ್ರಿಟನ್: ಕಡಿಮೆಯಾಗುತ್ತಿರುವ ಅವಧಿ

ನಮ್ಮವರು ಹೆಚ್ಚು ವಿಚಾರಿಸುವ ದೇಶ ಬ್ರಿಟನ್. ಒಂದು ವರ್ಷದಲ್ಲಿ ಮಾಸ್ಟರ್ಸ್ ಮುಗಿಯುತ್ತದೆ ಎಂಬುದು ಅದಕ್ಕೆ ಕಾರಣ. ಅಲ್ಲಿ ಕಲಿತ ಮೇಲೆ ಎರಡು ವರ್ಷ ಉಳಿದು ಕೆಲಸ ಮಾಡುವ ಅವಕಾಶ ಹಿಂದೆ ಇತ್ತು. 2012ರಲ್ಲಿ ಅದನ್ನು ರದ್ದು ಮಾಡಿದರು. 2021ರ ಜುಲೈ 1ರಿಂದ ‘ಗ್ರಾಜುಯೇಟ್ ರೂಟ್’ ಎಂಬ ಹೆಸರಿನಲ್ಲಿ ಮತ್ತೆ ತೆರೆದರು. ಈಗ ಅದನ್ನು ಮೊಟಕು ಮಾಡಿದ್ದಾರೆ. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವಿ ಮತ್ತು ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಸಿಗುವುದು 18 ತಿಂಗಳು ಮಾತ್ರ. ಪಿಎಚ್‌ಡಿಯವರಿಗೆ ಮೂರು ವರ್ಷ ಹಾಗೆಯೇ ಇದೆ. ಅಂದರೆ 2026ರ ಸೆಪ್ಟೆಂಬರಿನಲ್ಲಿ ಒಂದು ವರ್ಷದ ಮಾಸ್ಟರ್ಸ್‌ಗೆ ಸೇರುವ ಹುಡುಗನಿಗೆ ಎರಡು ವರ್ಷದ ಲೆಕ್ಕ ಅನ್ವಯಿಸುವುದೇ ಇಲ್ಲ. ‘ನನ್ನ ಅಣ್ಣನಿಗೆ ಎರಡು ವರ್ಷ ಸಿಕ್ಕಿತ್ತು’ ಎಂಬ ಮಾತು ಇವನಿಗೆ ಉಪಯೋಗಕ್ಕೆ ಬರುವುದಿಲ್ಲ.

ಈ 18 ತಿಂಗಳಲ್ಲಿ ಯಾವ ಕೆಲಸವನ್ನಾದರೂ ಮಾಡಬಹುದು, ಕಂಪೆನಿಯ ಸ್ಪಾನ್ಸರ್‌ಶಿಪ್ ಬೇಕಿಲ್ಲ. ಆದರೆ ಈ ವೀಸಾವನ್ನು ಮುಂದುವರಿಸಲು ಆಗುವುದಿಲ್ಲ. ಅವಧಿ ಮುಗಿಯುವ ಮೊದಲು ‘ಸ್ಕಿಲ್ಡ್ ವರ್ಕರ್’ ವೀಸಾಕ್ಕೆ ಏರಬೇಕು, ಇಲ್ಲವಾದರೆ ಬೇರೆ ಯಾವುದಾದರೂ ಅರ್ಹತೆ ಇರಬೇಕು, ಅದೂ ಇಲ್ಲವಾದರೆ ಊರಿಗೆ ಮರಳಬೇಕು.

ಆ ಏರುವಿಕೆಯೇ ಈಗ ಕಠಿಣವಾಗಿರುವುದು. ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬೇಕಾದ ಸಾಮಾನ್ಯ ಕನಿಷ್ಠ ವಾರ್ಷಿಕ ಸಂಬಳ 2024ರ ಏಪ್ರಿಲ್‌ವರೆಗೆ 26,200 ಪೌಂಡ್ ಇತ್ತು. ಅದನ್ನು 38,700ಕ್ಕೆ ಏರಿಸಿದರು. 2025ರ ಜುಲೈ 22ರಿಂದ 41,700 ಪೌಂಡ್ ಮಾಡಿದರು. ಅದೇ ದಿನದಿಂದ ಕೆಲಸವೂ ಸಾಮಾನ್ಯವಾಗಿ ಪದವಿ ಮಟ್ಟದ್ದೇ ಆಗಿರಬೇಕೆಂಬ ನಿಯಮ ಬಂತು. ಹೊಸದಾಗಿ ಕಲಿತು ಬಂದವರಿಗೆ ಸ್ವಲ್ಪ ರಿಯಾಯಿತಿ ಉಂಟು, 33,400 ಪೌಂಡ್ ಸಾಕು. ಆದರೆ ಆ ರಿಯಾಯಿತಿ ಒಟ್ಟು ನಾಲ್ಕು ವರ್ಷಕ್ಕೆ ಮಾತ್ರ, ಮತ್ತು ಗ್ರಾಜುಯೇಟ್ ರೂಟಿನಲ್ಲಿ ಕಳೆದ ತಿಂಗಳುಗಳೂ ಆ ನಾಲ್ಕು ವರ್ಷದೊಳಗೇ ಸೇರುತ್ತವೆ. ಸಂಬಳ ಕೊಡುವ ಕಂಪೆನಿಗೆ ಸರಕಾರದ ಸ್ಪಾನ್ಸರ್ ಲೈಸೆನ್ಸ್ ಕೂಡ ಇರಬೇಕು. ಸೂಪರ್ ಮಾರ್ಕೆಟ್ಟಿನ ಕೌಂಟರಿನಲ್ಲೋ ಗೋಡೌನಿನಲ್ಲೋ ದುಡಿದು ಖರ್ಚಿಗೆ ದಾರಿ ಮಾಡಿಕೊಳ್ಳಬಹುದು, ಅದು ಮರ್ಯಾದೆಯ ದುಡಿಮೆಯೇ. ಆದರೆ ಆ ಕೆಲಸ ಮೂರನೇ ಮೆಟ್ಟಿಲಿಗೆ ಏರಿಸುವುದಿಲ್ಲ.

‘ಏನೂ ಇಲ್ಲದಿದ್ದರೆ ಕೇರ್ ಹೋಮ್ ಉಂಟಲ್ಲ’ ಎಂಬ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತಿದೆ. ವಿದೇಶದಿಂದ ಕೇರ್ ವರ್ಕರ್‌ಗಳನ್ನು ಹೊಸದಾಗಿ ಕರೆಸಿಕೊಳ್ಳುವುದನ್ನು ಬ್ರಿಟನ್ 2025ರ ಜುಲೈ 22ಕ್ಕೆ ನಿಲ್ಲಿಸಿದೆ. ಈಗಾಗಲೇ ಅಲ್ಲಿರುವ ಕೆಲವರಿಗೆ ಶರತ್ತಿನ ಮೇಲೆ 2028ರವರೆಗೆ ಮಾತ್ರ ಅವಕಾಶ. ಆ ಹೆಸರಿನಲ್ಲಿ ಯಾರಾದರೂ ‘ಸ್ಪಾನ್ಸರ್‌ಶಿಪ್ ಕೊಡಿಸುತ್ತೇನೆ, ಇಷ್ಟು ಲಕ್ಷ ಕೊಡಿ’ ಎಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಲೈಸೆನ್ಸ್ ಇರುವ ಕಂಪೆನಿಗಳ ಪಟ್ಟಿಯನ್ನು ಬ್ರಿಟನ್ ಸರಕಾರ ತನ್ನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದೆ. ಮನೆಯಲ್ಲಿ ಕೂತು ಮೊಬೈಲಿನಲ್ಲೇ ನೋಡಬಹುದು.

ಇನ್ನು ಖಾಯಂ ವಾಸ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಐದು ವರ್ಷ ಪೂರೈಸಿದರೆ ಅರ್ಜಿ ಹಾಕಬಹುದು ಎಂಬುದು ಇಷ್ಟು ವರ್ಷ ನಡೆದುಬಂದ ಲೆಕ್ಕ. ಕಲಿತ ವರ್ಷವೂ, ಗ್ರಾಜುಯೇಟ್ ರೂಟಿನ ಸಮಯವೂ ಆ ಐದರಲ್ಲಿ ಸೇರುವುದಿಲ್ಲ. ಇದನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪವನ್ನು ಅಲ್ಲಿನ ಸರಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಮುಂದಿಟ್ಟಿತು. ಇಪ್ಪತ್ಮೂರು ವರ್ಷಕ್ಕೆ ಹೋದ ಹುಡುಗ ಪಿಆರ್ ಪಡೆಯುವಾಗ ಅವನ ವಯಸ್ಸು ಎಷ್ಟಾಗಿರುತ್ತದೆ ಎಂದು ನೀವೇ ಕೂಡಿಸಿ ನೋಡಿ.

ನಮ್ಮ ಮನೆಗಳಿಗೆ ತುಂಬಾ ಹತ್ತಿರದ ಇನ್ನೊಂದು ವಿಷಯ. ನಿಕಾಹ್ ಮಾಡಿಸಿ, ಒಬ್ಬರು ವಿದ್ಯಾರ್ಥಿ ವೀಸಾದಲ್ಲಿ, ಇನ್ನೊಬ್ಬರು ಅವರ ಜೊತೆಗೆ ಎಂದು ಕಳುಹಿಸುವ ಕ್ರಮ ಕೆಲವು ವರ್ಷ ನಡೆಯಿತು. 2024ರ ಜನವರಿ 1ರಿಂದ ಸಾಮಾನ್ಯ ಮಾಸ್ಟರ್ಸ್ ಕೋರ್ಸಿಗೆ ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಜೊತೆಗೆ ಕರೆದುಕೊಳ್ಳುವಂತಿಲ್ಲ. ಸಂಶೋಧನಾ ಕೋರ್ಸಿನವರಿಗೆ ಮತ್ತು ಸರಕಾರಿ ಸ್ಕಾಲರ್‌ಶಿಪ್ಪಿನ ಕೆಲವರಿಗೆ ಮಾತ್ರ ವಿನಾಯಿತಿ. ಕೋರ್ಸು ಮುಗಿದು ಗ್ರಾಜುಯೇಟ್ ರೂಟಿಗೆ ಬಂದ ಮೇಲೂ ಹೊಸದಾಗಿ ಕರೆಸಿಕೊಳ್ಳಲು ಆಗುವುದಿಲ್ಲ. ಅಂದರೆ ಸ್ಕಿಲ್ಡ್ ವರ್ಕರ್ ವೀಸಾ ಸಿಗುವವರೆಗೆ ದಂಪತಿ ಬೇರೆ ಬೇರೆ ಇರಬೇಕು. ಸಂಬಂಧ ಕುದುರಿಸುವಾಗ ‘ಹುಡುಗ ಯುಕೆಯಲ್ಲಿದ್ದಾನೆ’ ಎಂಬಷ್ಟರಿಂದ ತೃಪ್ತರಾಗಬೇಡಿ. ಯಾವ ವೀಸಾದಲ್ಲಿದ್ದಾನೆ ಎಂದು ಕೇಳುವುದು ಹೆಣ್ಣಿನ ಕಡೆಯವರ ಹಕ್ಕು. ಕೇಳಿದರೆ ಬೇಸರ ಮಾಡಿಕೊಳ್ಳುವಂಥದ್ದೇನೂ ಅದರಲ್ಲಿಲ್ಲ.

ಕೆನಡಾ: ಕೋರ್ಸು ತಪ್ಪಿದರೆ ಮುಂದಿನ ಬಾಗಿಲಿಲ್ಲ

ಕೆನಡಾದಲ್ಲಿ ಕಲಿತ ಮೇಲೆ ಸಿಗುವ ಕೆಲಸದ ಪರವಾನಗಿ ಜೀವನದಲ್ಲಿ ಒಂದೇ ಸಲ. ಅವಧಿ ಎಂಟು ತಿಂಗಳಿನಿಂದ ಮೂರು ವರ್ಷದವರೆಗೆ, ಅದು ಕೋರ್ಸಿನ ಮೇಲೆ ಹೋಗುತ್ತದೆ. 2024ರ ಫೆಬ್ರವರಿಯಿಂದ ಮಾಸ್ಟರ್ಸ್ ಮಾಡಿದವರಿಗೆ, ಕೋರ್ಸು ಎರಡು ವರ್ಷಕ್ಕಿಂತ ಕಡಿಮೆಯದ್ದಾದರೂ, ಮೂರು ವರ್ಷದ ಪರವಾನಗಿ ಸಿಗುತ್ತದೆ. ಇದು ಒಳ್ಳೆಯ ಸುದ್ದಿ.

ಆದರೆ ಅಲ್ಲಿ ‘ಕಾಲೇಜು’ ಎಂದರೆ ನಮ್ಮ ಊರಿನ ಡಿಗ್ರಿ ಕಾಲೇಜಲ್ಲ. ಹೆಚ್ಚಾಗಿ ಡಿಪ್ಲೊಮಾ, ಸರ್ಟಿಫಿಕೇಟ್ ಕೊಡುವ ಸಂಸ್ಥೆ ಅದು. ಫೀಸು ಕಡಿಮೆ, ಸೀಟು ಸುಲಭ ಎಂದು ನಮ್ಮವರಿಗೆ ತೋರಿಸುವುದು ಇದನ್ನೇ. 2024ರ ನವೆಂಬರ್ 1ರ ನಂತರ ಕಲಿಕೆಯ ಪರವಾನಗಿಗೆ ಅರ್ಜಿ ಹಾಕಿದ ಇಂಥ ಕಾಲೇಜು ವಿದ್ಯಾರ್ಥಿಗಳಿಗೆ, ಅವರ ಕೋರ್ಸು ಸರಕಾರ ಗೊತ್ತುಮಾಡಿದ ಕ್ಷೇತ್ರಗಳ ಪಟ್ಟಿಯಲ್ಲಿ ಇದ್ದರೆ ಮಾತ್ರ ಕೆಲಸದ ಪರವಾನಗಿ. ಆರೋಗ್ಯ, ಕೃಷಿ, ವಿಜ್ಞಾನ ಮತ್ತು ತಂತ್ರಜ್ಞಾನ, ಕಸುಬು, ಸಾರಿಗೆ ಮುಂತಾದ ಕ್ಷೇತ್ರಗಳು ಆ ಪಟ್ಟಿಯಲ್ಲಿವೆ. ಸುಮ್ಮನೆ ‘ಬಿಸಿನೆಸ್ ಡಿಪ್ಲೊಮಾ’ ಎಂದು ಸೇರಿದರೆ, ಕಲಿತು ಮುಗಿದ ದಿನವೇ ದಾರಿ ಮುಚ್ಚಬಹುದು. ಸರಕಾರಿ ಕಾಲೇಜಿನ ಹೆಸರಿನಲ್ಲಿ ಖಾಸಗಿ ಸಂಸ್ಥೆ ನಡೆಸುವ ಕೋರ್ಸುಗಳಿಗೆ 2024ರ ಮೇ 15ರ ನಂತರ ಸೇರಿದವರಿಗೂ ಈ ಪರವಾನಗಿ ಇಲ್ಲ. ವಿಶ್ವವಿದ್ಯಾಲಯದ ಪದವಿ, ಮಾಸ್ಟರ್ಸ್ ಮಾಡಿದವರಿಗೆ ಕ್ಷೇತ್ರದ ನಿರ್ಬಂಧವಿಲ್ಲ, ಆದರೆ ಭಾಷಾ ಪರೀಕ್ಷೆಯಲ್ಲಿ ನಿಗದಿತ ಮಟ್ಟ ತಲುಪಿರಬೇಕು.

ಪಿಆರ್ ವಿಷಯದಲ್ಲೂ ಕೆನಡಾ ಕೈ ಬಿಗಿ ಮಾಡಿದೆ. ವರ್ಷಕ್ಕೆ ಐದು ಲಕ್ಷ ಜನರಿಗೆ ಖಾಯಂ ವಾಸ ಕೊಡುವ ಗುರಿ ಇಟ್ಟುಕೊಂಡಿದ್ದ ದೇಶ ಅದನ್ನು 2025ಕ್ಕೆ 3.95 ಲಕ್ಷಕ್ಕೂ, 2026ಕ್ಕೆ 3.8 ಲಕ್ಷಕ್ಕೂ ಇಳಿಸಿತು. ಕೆಲಸದ ಆಫರ್ ಇದ್ದರೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚ್ 25ಕ್ಕೆ ತೆಗೆದುಹಾಕಿದರು. ನಕಲಿ ಆಫರ್ ಪತ್ರಗಳ ವ್ಯಾಪಾರ ನಡೆಯುತ್ತಿದ್ದದ್ದು ಇದಕ್ಕೆ ಮುಖ್ಯ ಕಾರಣ. ನಷ್ಟವಾದದ್ದು ಪ್ರಾಮಾಣಿಕವಾಗಿ ಆಫರ್ ಪಡೆದವರಿಗೂ. 2023ರಲ್ಲಿ ಹಲವು ಭಾರತೀಯ ವಿದ್ಯಾರ್ಥಿಗಳು, ತಾವು ಸಲ್ಲಿಸಿದ್ದ ಪ್ರವೇಶ ಪತ್ರವೇ ನಕಲಿ ಎಂದು ವರ್ಷಗಳ ನಂತರ ಗೊತ್ತಾಗಿ, ಗಡೀಪಾರಿನ ಭಯದಲ್ಲಿ ಬದುಕಬೇಕಾಯಿತು. ಪತ್ರ ತಯಾರಿಸಿದ್ದು ಏಜೆಂಟ್, ಉತ್ತರ ಹೇಳಬೇಕಾದದ್ದು ಮಕ್ಕಳು.

ಜರ್ಮನಿ: ಹಣ ಕಡಿಮೆ, ಬೆವರು ಹೆಚ್ಚು

ಜರ್ಮನಿಯ ಲೆಕ್ಕ ಬೇರೆ. ಬಹುಪಾಲು ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಉಂಟು, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಶುಲ್ಕ ಶುರು ಮಾಡಿದೆ, ಖಾಸಗಿ ಸಂಸ್ಥೆಗಳಲ್ಲಂತೂ ಫೀಸು ಇದ್ದೇ ಇದೆ. ಜೀವನ ಖರ್ಚಿಗೆ ಒಂದು ವರ್ಷದ ಹಣ, 11,904 ಯೂರೊ, ‘ಬ್ಲಾಕ್ಡ್ ಅಕೌಂಟ್’ನಲ್ಲಿ ಇಡಬೇಕು. ಅದು ನಮ್ಮದೇ ಹಣ, ತಿಂಗಳಿಗೆ 992 ಯೂರೊನಂತೆ ನಮ್ಮ ಮಕ್ಕಳ ಕೈಗೇ ಬರುತ್ತದೆ. ಭಾರತದ ವಿದ್ಯಾರ್ಥಿಗಳ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಪರಿಶೀಲಿಸುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರ್‌ನಿಂದ ಕಡ್ಡಾಯ.

ಪದವಿಯಾದ ಮೇಲೆ ಕೆಲಸ ಹುಡುಕಲು 18 ತಿಂಗಳು ಸಿಗುತ್ತದೆ. ಆಮೇಲೆ ಓದಿಗೆ ತಕ್ಕ ಕೆಲಸದಲ್ಲಿ ಎರಡು ವರ್ಷ ದುಡಿದು ಪಿಂಚಣಿ ವಂತಿಗೆ ಕಟ್ಟಿದ, ಬಿ1 ಮಟ್ಟದ ಜರ್ಮನ್ ಭಾಷೆ ಬಲ್ಲ, ಅಲ್ಲಿಯೇ ಪದವಿ ಪಡೆದವರಿಗೆ ಖಾಯಂ ವಾಸಕ್ಕೆ ಅರ್ಜಿ ಹಾಕುವ ಅವಕಾಶ ಉಂಟು. ಬ್ರಿಟನ್ನಿನ ಐದು, ಹತ್ತು ವರ್ಷಗಳ ಜೊತೆ ಇದನ್ನು ಇಟ್ಟು ನೋಡಿ.

ಹಾಗಾದರೆ ಎಲ್ಲರೂ ಯಾಕೆ ಜರ್ಮನಿಗೆ ಹೋಗುವುದಿಲ್ಲ? ಭಾಷೆ. ಇಂಗ್ಲಿಷಿನಲ್ಲಿ ಮಾಸ್ಟರ್ಸ್ ಕಲಿಯಬಹುದು, ಆದರೆ ಐಟಿಯ ಕೆಲವು ಕೆಲಸ ಬಿಟ್ಟರೆ ಹೆಚ್ಚಿನ ಕಡೆ ಜರ್ಮನ್ ಗೊತ್ತಿಲ್ಲದೆ ಕೆಲಸ ಸಿಗುವುದು ಕಷ್ಟ. ನಮ್ಮ ಮಕ್ಕಳಿಗೆ ಭಾಷೆ ಕಲಿಯುವುದು ಹೊಸದೇನಲ್ಲ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದ್ರಸದಲ್ಲಿ ಅರಬಿ ಓದು, ಎಷ್ಟೋ ಜನರಿಗೆ ಮಲಯಾಳವೂ ಬರುತ್ತದೆ. ಆರನೆಯ ಭಾಷೆಗೆ ಹೆದರುವ ಅಗತ್ಯ ಇಲ್ಲ. ಆದರೆ ಅದನ್ನು ವಿಮಾನ ಹತ್ತುವ ಮೊದಲು, ಡಿಗ್ರಿಯ ಎರಡನೇ ವರ್ಷದಲ್ಲೇ ಶುರು ಮಾಡಬೇಕು.

ಆಸ್ಟ್ರೇಲಿಯಾ, ಐರ್ಲೆಂಡ್, ಅಮೆರಿಕದ ನಿಯಮಗಳು ಇನ್ನೂ ಬೇರೆ, ಮೆಟ್ಟಿಲುಗಳು ಮಾತ್ರ ಇವೇ. ಉದಾಹರಣೆಗೆ ಆಸ್ಟ್ರೇಲಿಯಾ 2024ರ ಜುಲೈಯಿಂದ ಪದವಿ ನಂತರದ ವೀಸಾಕ್ಕೆ ವಯಸ್ಸಿನ ಮಿತಿಯನ್ನು 50ರಿಂದ ಸಾಮಾನ್ಯವಾಗಿ 35ಕ್ಕೆ ಇಳಿಸಿತು. ಗಲ್ಫಿನಲ್ಲಿ ಹತ್ತು ವರ್ಷ ದುಡಿದು ಆಮೇಲೆ ಕಲಿಯಲು ಹೋಗೋಣ ಎಂದುಕೊಂಡವರು ಇದನ್ನು ಗಮನಿಸಬೇಕು.

ಸಾಲದ ಆಯುಷ್ಯ, ನಿಯಮದ ಆಯುಷ್ಯ

ಮೇಲಿನ ತಾರೀಕುಗಳನ್ನು ಒಮ್ಮೆ ಹಿಂತಿರುಗಿ ನೋಡಿ. ಹೆಚ್ಚಿನವು 2024 ಮತ್ತು 2025ರವು. ನಿಯಮಗಳು ವರ್ಷಕ್ಕೊಮ್ಮೆ ಬದಲಾಗುತ್ತಿವೆ. ನಮ್ಮ ಸಾಲ ಮಾತ್ರ ಹತ್ತು ಹದಿನೈದು ವರ್ಷದ್ದು. ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಜಾಗವನ್ನೋ ಮನೆಯನ್ನೋ ಅಡಮಾನ ಕೇಳುತ್ತವೆ. ಉದಾಹರಣೆಗೆ 30 ಲಕ್ಷ ರೂಪಾಯಿಯನ್ನು ಶೇ. 11ರ ಬಡ್ಡಿಗೆ ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು 41 ಸಾವಿರ ದಾಟುತ್ತದೆ, ಒಟ್ಟು ಕಟ್ಟುವುದು ಹತ್ತಿರ ಹತ್ತಿರ 50 ಲಕ್ಷ. ಕಲಿಯುವ ಅವಧಿಯಲ್ಲಿ ಬೆಳೆದ ಬಡ್ಡಿ ಇದಕ್ಕೆ ಸೇರಿಲ್ಲ. ಹುಡುಗ 18 ತಿಂಗಳ ನಂತರ ಬರಿಗೈಯಲ್ಲಿ ಮರಳಿದರೆ ಈ ಕಂತನ್ನು ಊರಿನ ಸಂಬಳದಲ್ಲಿ ಕಟ್ಟಬೇಕು. ಅವನಿಗೆ ಆಗದಿದ್ದರೆ ಗಲ್ಫಿನಲ್ಲಿರುವ ಉಪ್ಪ ಇನ್ನೂ ಐದು ವರ್ಷ ಅಲ್ಲೇ ಇರಬೇಕು.

ಬಡ್ಡಿಯ ಬಗ್ಗೆ ಧಾರ್ಮಿಕ ತೀರ್ಪು ಹೇಳುವುದು ಈ ಬರಹದ ಉದ್ದೇಶವಲ್ಲ, ಅದನ್ನು ನಿಮ್ಮ ಮಹಲ್ಲಾದ ಖತೀಬರಲ್ಲಿ, ವಿದ್ವಾಂಸರಲ್ಲಿ ಕೇಳಿ. ಆದರೆ ಬಡ್ಡಿಯಿಂದ ದೂರ ಇರಬೇಕೆಂದು ಮನಸ್ಸಿರುವ ಮನೆಯವರು ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಶುಲ್ಕವಿಲ್ಲದ ದೇಶವನ್ನೂ ಸ್ಕಾಲರ್‌ಶಿಪ್ಪನ್ನೂ ಹುಡುಕಿದ್ದಾರೆಯೇ ಎಂಬುದು ನಮ್ಮ ಪ್ರಶ್ನೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ಕೊಡುತ್ತಿದ್ದ ಕೇಂದ್ರ ಸರಕಾರದ ‘ಪಢೋ ಪರದೇಶ್’ ಯೋಜನೆ 2022-23ರಿಂದ ನಿಂತುಹೋಗಿದೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲಿ ವಿದೇಶ ವ್ಯಾಸಂಗದ ಸಾಲ ಯೋಜನೆಯ ಈ ಸಾಲಿನ ನಿಯಮಗಳನ್ನು ವಿಚಾರಿಸಿ. ಬ್ಯಾಂಕಿಗೆ ಹೋಗುವ ಮೊದಲು ಅಲ್ಲಿಗೆ ಹೋಗುವುದು ಒಳ್ಳೆಯದು.

ಕೊನೆಯಿಂದ ಶುರು ಮಾಡಿ

ಹಾಗಾದರೆ ಎಂತ ಮಾಡುವುದು? ಲೆಕ್ಕವನ್ನು ಕೊನೆಯಿಂದ ಶುರು ಮಾಡುವುದು. ಮೊದಲು ಕೆಲಸವನ್ನು ನೋಡಿ. ಆ ದೇಶದಲ್ಲಿ ಯಾವ ಕೆಲಸಕ್ಕೆ ಉದ್ಯೋಗ ವೀಸಾ ಸಿಗುತ್ತದೆ? ಅದಕ್ಕೆ ಹೊಸಬರಿಗೆ ಎಷ್ಟು ಸಂಬಳ ಕೊಡುತ್ತಾರೆ? ಆ ಸಂಬಳ ವೀಸಾದ ಮಿತಿಯನ್ನು ಮುಟ್ಟುತ್ತದೆಯೇ? ಆ ಕೆಲಸಕ್ಕೆ ಯಾವ ಕೋರ್ಸು ಬೇಕು? ಇಷ್ಟು ಗೊತ್ತಾದ ಮೇಲೆ ವಿಶ್ವವಿದ್ಯಾಲಯ ಆರಿಸಿ. ಏಜೆಂಟ್ ತೋರಿಸಿದ ಸೀಟಿನಿಂದ ಶುರು ಮಾಡಿದರೆ ಈ ಪ್ರಶ್ನೆಗಳು ಕೊನೆಗೆ, ಸಾಲ ಆದ ಮೇಲೆ ಬರುತ್ತವೆ.

ಹೋದ ಮಕ್ಕಳಿಗೂ ಎರಡು ಮಾತು. ಬ್ರಿಟನ್ನಿನ ದೊಡ್ಡ ಕಂಪೆನಿಗಳು ಹೊಸ ಪದವೀಧರರನ್ನು ಮುಂದಿನ ವರ್ಷಕ್ಕೆ ಆರಿಸಲು ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಅರ್ಜಿ ಕರೆಯುತ್ತವೆ. ಅಂದರೆ ನೀವು ಅಲ್ಲಿಗೆ ತಲುಪಿದ ತಿಂಗಳೇ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಕೂತರೆ ಒಂದು ವರ್ಷ ಹೋಯಿತು. ಎರಡನೆಯದು, ಕಲಿಯುವಾಗಿನ ಕೆಲಸದ ಮಿತಿ. ಬ್ರಿಟನ್ನಿನಲ್ಲಿ ಪದವಿ, ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ, ಕೆನಡಾದಲ್ಲಿ ಕ್ಯಾಂಪಸ್ ಹೊರಗೆ 24 ಗಂಟೆ. ಬ್ರಿಟನ್ನಿನಲ್ಲಿ ವಿದ್ಯಾರ್ಥಿ ವೀಸಾದವರು ಸ್ವಂತ ದುಡಿಮೆ ಮಾಡುವಂತಿಲ್ಲ. ಆದ್ದರಿಂದ ಇನ್ನೊಬ್ಬರ ಖಾತೆ ಬಾಡಿಗೆಗೆ ಪಡೆದು ಫುಡ್ ಡೆಲಿವರಿಗೆ ಇಳಿಯುವುದು ಅಲ್ಲಿ ಕಾನೂನು ಬಾಹಿರ. ಊರಿಂದ ‘ಕಂತಿಗೆ ಹಣ ಕಳಿಸು’ ಎಂದು ಒತ್ತಡ ಹಾಕುವ ನಾವೂ ಇದರಲ್ಲಿ ಪಾಲುದಾರರು. ಸಿಕ್ಕಿಬಿದ್ದರೆ ಮುಂದಿನ ಮೂರು ಮೆಟ್ಟಿಲೂ ಒಟ್ಟಿಗೆ ಹೋಗುತ್ತವೆ.

ಮರಳಿ ಬರಬೇಕಾಗಿ ಬಂದರೆ? ಅದನ್ನು ಸೋಲು ಎಂದು ಕರೆಯುವುದನ್ನು ನಾವು ನಿಲ್ಲಿಸಬೇಕು. ಬ್ರಿಟನ್ನಿನ ಒಂದು ವರ್ಷದ ಮಾಸ್ಟರ್ಸ್ ಪದವಿಯನ್ನು ಮಾನ್ಯ ಮಾಡುವ ಒಪ್ಪಂದಕ್ಕೆ ಭಾರತ 2022ರ ಜುಲೈಯಲ್ಲಿ ಸಹಿ ಹಾಕಿದೆ. ಇಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನಿನಂಥ ವೃತ್ತಿಪರ ಪದವಿಗಳು ಅದರಲ್ಲಿ ಸೇರಿಲ್ಲ. ಬೆಂಗಳೂರಿನಲ್ಲೋ ದುಬೈಯಲ್ಲೋ ರಿಯಾದಿನಲ್ಲೋ ಬೆಲೆ ಸಿಗುವ ಕೋರ್ಸಾಗಿದ್ದರೆ ಹುಡುಗ ಖಾಲಿ ಕೈಯಲ್ಲಿ ಬಂದಂತಾಗುವುದಿಲ್ಲ. ಆದ್ದರಿಂದ ಕೋರ್ಸು ಆರಿಸುವಾಗಲೇ ಕೇಳಿ: ಅಲ್ಲಿ ನಿಲ್ಲಲು ಆಗದಿದ್ದರೆ ಇದು ಇಲ್ಲಿ ಅನ್ನ ಕೊಡುತ್ತದೆಯೇ?

ಜಮಾಅತ್‌ಗಳಿಗೂ, ನಮ್ಮ ಸಂಘ ಸಂಸ್ಥೆಗಳಿಗೂ ಒಂದು ವಿನಂತಿ. ಸ್ಕಾಲರ್‌ಶಿಪ್ ವಿತರಣೆ, ಸಾಧಕರಿಗೆ ಸನ್ಮಾನ ನಡೆಯುತ್ತಾ ಇದೆ, ನಡೆಯಲಿ. ಅದರ ಜೊತೆಗೆ ವರ್ಷಕ್ಕೊಮ್ಮೆ, ಜನವರಿಯಲ್ಲಿ ಆದರೆ ಒಳ್ಳೆಯದು, ಹೊರಗೆ ಕಲಿತು ಕೆಲಸ ಹಿಡಿದವರನ್ನೂ ಕೆಲಸ ಸಿಗದೆ ಮರಳಿದವರನ್ನೂ ಒಂದೇ ವೇದಿಕೆಗೆ ಕರೆಯಿರಿ. ಗೆದ್ದವರ ಮಾತು ಉತ್ಸಾಹ ಕೊಡುತ್ತದೆ, ಮರಳಿದವರ ಮಾತು ಮನೆ ಉಳಿಸುತ್ತದೆ. ಜರ್ಮನ್ ಕಲಿಯುವ ಹತ್ತು ಮಕ್ಕಳ ಫೀಸು ಕಟ್ಟುವುದು ಒಂದು ದೊಡ್ಡ ಕಾರ್ಯಕ್ರಮದ ಪೆಂಡಾಲಿಗಿಂತ ಹೆಚ್ಚು ಉಪಕಾರ.

ಈ ಸೆಪ್ಟೆಂಬರಿಗೆ ಮಕ್ಕಳನ್ನು ಕಳುಹಿಸಲು ಹೊರಟಿರುವ ಮನೆಯವರು ಇವತ್ತು ಒಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ನಾಲ್ಕು ಮೆಟ್ಟಿಲನ್ನು ಬರೆಯಿರಿ. ಪ್ರತಿಯೊಂದರ ಎದುರು ಎಷ್ಟು ತಿಂಗಳು, ಎಷ್ಟು ಹಣ, ಯಾವ ಶರತ್ತು ಎಂದು ಮಗನೋ ಮಗಳೋ ಆ ದೇಶದ ಸರಕಾರಿ ವೆಬ್‌ಸೈಟ್ ನೋಡಿ ತುಂಬಿಸಲಿ. ಎರಡನೇ ಮೆಟ್ಟಿಲಿನಿಂದ ಮುಂದೆ ಹಾಳೆ ಖಾಲಿ ಇದ್ದರೆ, ಜಾಗದ ಪತ್ರ ಇನ್ನೂ ಸ್ವಲ್ಪ ದಿನ ಬೀರುವಿನಲ್ಲೇ ಇರಲಿ.